ಅಗೆಯದೆ ನೋಡುವುದು

ಜಾಲಹಳ್ಳಿ ಕ್ರಾಸಿನಿಂದ ನಮ್ಮ ಲ್ಯಾಬಿನ ಗೇಟಿನವರೆಗೆ
ರಸ್ತೆ ಈ ವರ್ಷ ಮೂರನೇ ಸಲ ಬಾಯಿ ತೆರೆದಿದೆ.
ನೀರಿನವರು ಮುಚ್ಚಿದ್ದನ್ನು ಕರೆಂಟಿನವರು ಬಗೆದರು,
ಕರೆಂಟಿನವರು ಮುಚ್ಚಿದ್ದನ್ನು ಕೇಬಲ್ಲಿನವರು.
ಒಳಗೇನಿದೆ ಎಂದು ತಿಳಿಯಲು
ಈ ಊರಿಗೆ ಗೊತ್ತಿರುವುದು ಗುದ್ದಲಿ ಒಂದೇ.

ನಾವೂ ಹಾಗೇ ಇದ್ದೆವು, ಸುಳ್ಳೇಕೆ.
ಗಾಯ ಮಾಯಿತೋ ಇಲ್ಲವೋ ನೋಡಬೇಕೆಂದರೆ
ಮೆಣಸಿನ ಕಾಳಿನಷ್ಟು ಚರ್ಮ ಕಿತ್ತು,
ಮೇಣದಲ್ಲಿ ಹೂತು, ತೆಳ್ಳಗೆ ಹೆರೆದು, ಬಣ್ಣ ಕುಡಿಸಿ,
ಒಂದು ಗಾಯದ ಕುಶಲ ಕೇಳಲು
ಇನ್ನೊಂದು ಗಾಯವನ್ನು ಕಳಿಸುತ್ತಿದ್ದೆವು.

ಈಗ ಬೆಳಕು ಹೋಗಿ ಬರುತ್ತದೆ.
ಕಣ್ಣಿಗೆ ಕಾಣದ ಬೆಳಕು; ದಾರಿ ತೋರಲು ಮಾತ್ರ
ಸಾಸಿವೆಯಷ್ಟು ಕೆಂಪು ಚುಕ್ಕಿ.
ಚರ್ಮದೊಳಗೆ ಒಂದು ಮಿಲಿಮೀಟರು, ಬಹಳವೆಂದರೆ ಒಂದೂವರೆ,
ಅಲ್ಲಿಂದಾಚೆ ಅದಕ್ಕೂ ಮಬ್ಬು.
ಪದರ ಪದರಕ್ಕೂ ತಟ್ಟಿ, ಒಂದಿಷ್ಟು ಹಿಂದಿರುಗಿ,
ಎಷ್ಟು ದೂರ ಹೋಗಿದ್ದೆ ಎಂದು ಹೇಳುತ್ತದೆ.
ಹೇಳುವುದಷ್ಟೆ. ಏನನ್ನೂ ಎತ್ತಿಕೊಂಡು ಬರುವುದಿಲ್ಲ.

ಮಂಗಳವಾರ ಹತ್ತೂವರೆಗೆ ಮುನಿಯಲ್ಲಮ್ಮ.
ಪೀಣ್ಯ ಎರಡನೇ ಹಂತ, ಗಾರ್ಮೆಂಟ್ಸು, ಇಸ್ತ್ರಿ ವಿಭಾಗ.
ಯಾವುದೋ ದೇಶದ ಅಂಗಿಯ ಕಾಲರು ಒತ್ತುವಾಗ
ಹಬೆಯ ಪೆಟ್ಟಿಗೆ ಜಾರಿ ಮುಂಗೈ ಮೇಲೆ ಕೂತಿತ್ತು,
ದೋಣಿಯ ಮೂತಿ ಒತ್ತಿದ ಹಾಗೆ.
ಫಾರಮ್ಮಿನಲ್ಲಿ ನಾನು ‘ಸುಟ್ಟ ಗಾಯ’ ಎಂದು ತುಂಬಿದರೆ
‘ಬರೆ ಅಂತ ಬರ್ಕೊಳಿ, ಸಾಕು’ ಅಂದಳು.

ಮೊದಲ ವಾರ ಪರದೆಯ ಮೇಲೆ ಒಂದು ಹಳ್ಳ,
ಹಕ್ಕಳೆಯ ಚಪ್ಪಡಿ, ಅದರ ಕೆಳಗೆ ನೆರಳು.
ಎರಡನೇ ವಾರ ಎರಡೂ ದಡದಿಂದ
ಹೊಸ ಚರ್ಮ ನಾಲಿಗೆ ಚಾಚಿಕೊಂಡು
ಚಪ್ಪಡಿಯ ಅಡಿಯಲ್ಲಿ ತೆವಳುತ್ತಿತ್ತು.
ಮೂರನೆಯದಕ್ಕೆ ಬರಲಿಲ್ಲ; ಶಿಪ್‌ಮೆಂಟ್ ಇತ್ತಂತೆ.
ನಾಲ್ಕಕ್ಕೆ ಬಂದಾಗ ನಾಲಿಗೆಗಳು ಕೂಡಿದ್ದವು.
ಯಾವ ಹೊತ್ತಿಗೆ ಮುಟ್ಟಿದವೋ ಯಾರೂ ನೋಡಲಿಲ್ಲ.
ಅವಳು ಕಾಲರು ಒತ್ತುತ್ತಿದ್ದಳು, ನಾನು
ಖಾಲಿ ಸಾಲಿನಲ್ಲಿ ‘ಗೈರು’ ಎಂದು ಬರೆಯುತ್ತಿದ್ದೆ.

ಪರದೆ ತಿರುಗಿಸಿ ತೋರಿಸಿದೆ. ಬೂದುಬಣ್ಣದ ಪಟ್ಟೆಗಳು.
‘ಇದು ನಾನಾ?’ ಅಂದಳು. ‘ಮಣ್ಣು ಕುಯ್ದಂಗೈತೆ.
ನಮ್ಮ ಓನರು ಪಾಯ ತೋಡ್ಸಿದಾಗ ಹಿಂಗೇ ಇತ್ತು,
ಮೇಲೆ ಕಸ, ಅದರಡಿ ಕೆಮ್ಮಣ್ಣು, ಅದರಡಿ
ಯಾವಾಗಲೋ ಇದ್ದ ಕೆರೆಯ ಕರೀ ಮಣ್ಣು.’

ನಕ್ಕೆವು. ಕೈ ತೆಗೆಯಲಿಲ್ಲ ಅವಳು.
ರವಿಕೆಯ ತೋಳು ನಾಕು ಬೆರಳು ಮೇಲೆ ಸರಿಸಿ
‘ಇಲ್ಲೂ ಒಂದ್ಸಲ ಬಿಡಿ ನಿಮ್ಮ ಬೆಳಕು.’
ಅಲ್ಲಿ ದುಂಡಗೆ, ಬೀಡಿಯ ತುದಿಯಷ್ಟು,
ಪಕ್ಕಪಕ್ಕಕ್ಕೆ ಮೂರು.
ಇಸ್ತ್ರಿಪೆಟ್ಟಿಗೆ ದುಂಡಗಿರುವುದಿಲ್ಲ.

ನಮ್ಮ ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ.
ಸಮಿತಿ ಒಪ್ಪಿದ ಕಾಗದದಲ್ಲಿ ಮುಂಗೈ ಎಂದಿದೆ,
ಒಂದೇ ಗಾಯ ಎಂದಿದೆ.
ಬಿಟ್ಟೆ.
ಕೆಂಪು ಚುಕ್ಕಿ ತಡವರಿಸಿ ನಡುವಿನದರ ಮೇಲೆ ನಿಂತಿತು.
ಮೇಲ್ಪದರ ಸಪಾಟು. ಬೆವರಿನ ಸುರುಳಿಗಳಿಲ್ಲ.
ಒಳಗೆ ಎಳೆಗಳೆಲ್ಲ ಒಂದೇ ದಿಕ್ಕಿಗೆ
ಬಿಗಿಯಾಗಿ, ಮಡಿಸಿ ಒತ್ತಿಟ್ಟ ಹಾಗೆ.

‘ಎಷ್ಟು ವರ್ಸದ್ದು ಅಂತ ಹೇಳ್ತದಾ?’
ಇಲ್ಲ. ದಪ್ಪ ಹೇಳುತ್ತದೆ.
‘ಯಾರದು ಅಂತ?’
ಇಲ್ಲ.
‘ಹಂಗಾದ್ರೆ ಒಳ್ಳೇ ಮಿಷನ್ನು’ ಅಂದಳು,
‘ಮಾದೈತಾ, ಅಷ್ಟು ಹೇಳಿ.’

ಮೈಕ್ರಾನಿನ ಲೆಕ್ಕದಲ್ಲಿ ಉತ್ತರ ನನ್ನ ಮುಂದೆಯೇ ಇತ್ತು.
‘ಮುಚ್ಚಿದೆ’ ಅಂದೆ.
‘ಮುಚ್ಚೋದು ನಂಗೂ ಬರ್ತದೆ’ ಎಂದು
ತೋಳು ಎಳೆದುಕೊಂಡಳು.

ಬಸ್ಸಿನ ಖರ್ಚಿಗೆ ಮುನ್ನೂರು, ಒಂದು ಸಹಿ.
ಕಿಟಕಿಯಿಂದ ಕಂಡಿತು: ಗೇಟಿನಾಚೆ ಗುಂಡಿಗೆ ಹಾಸಿದ ಹಲಗೆ.
ನಡುವೆ ನಿಂತು ಒಳಗೆ ಇಣುಕಿದಳು,
ಕೆಳಗಿನವನನ್ನು ಏನೋ ಕೇಳಿದಳು,
ಸೆರಗು ಸೊಂಟಕ್ಕೆ ಸಿಕ್ಕಿಸಿ ದಾಟಿದಳು.

ಫೈಲಿಗೆ ಹೆಸರು ಕೇಳುತ್ತಿದೆ ಕಂಪ್ಯೂಟರು.
ಹನ್ನೊಂದೂಕಾಲಿನವರು, ದರ್ಶಿನಿಯ ದೋಸೆ ಭಟ್ಟರು,
ಎಣ್ಣೆ ಸಿಡಿದ ಕೈಯನ್ನು ಆಗಲೇ
ಮೇಜಿನ ಮೇಲಿಟ್ಟು ಕೂತಿದ್ದಾರೆ.